ಆಗುಂಬೆ ಘಾಟಿನಾ ಹುಲಿಕಲ್ ಘಾಟಿನಾ? ಸೈಕಲ್ ತುಳಿಯೋರಿಗೆ ನಾನು ಹೇಳೋದು

ಮೊದ್ಲೇ ಹೇಳಿಬಿಡ್ತೀನಿ, ನನ್ನ ವೋಟು ಹುಲಿಕಲ್‌ಗೆ. ಆಗುಂಬೆ ಚೆಂದ ಇಲ್ಲ ಅಂತಲ್ಲ ಮಾರಾಯ್ರೆ, ಮನೆಗೆ ನೆಂಟ್ರು ಬಂದ್ರೆ ಸೂರ್ಯಾಸ್ತ ತೋರಿಸ್ಲಿಕ್ಕೆ ನಾನೂ ಅಲ್ಲಿಗೇ ಕರ್ಕೊಂಡು ಹೋಗೋದು. ಆದ್ರೆ ರೋಡ್ ಬೈಕಲ್ಲಿ, ಅಂದ್ರೆ ತೆಳು ಟೈರಿನ ಗೇರ್ ಸೈಕಲ್ಲಲ್ಲಿ, ಘಟ್ಟ ಹತ್ತಬೇಕು, ಮಧ್ಯ ಎಲ್ಲೂ ಕಾಲು ಕೆಳಗಿಡಬಾರ್ದು ಅನ್ನೋ ಹಟ ಇದ್ರೆ ಲೆಕ್ಕ ಬೇರೆ.

ನಂದು ಸೆಕೆಂಡ್‌ಹ್ಯಾಂಡ್ ಬೈಕು. ತಗೊಂಡಾಗ ಹಿಂದಿನ ದೊಡ್ಡ ಗೇರು 28 ಹಲ್ಲಿಂದು, ಶಿವಮೊಗ್ಗದ ರೋಡಿಗೆ ಅದು ಧಾರಾಳ ಸಾಕು, ಘಟ್ಟಕ್ಕೆ ಸಾಲಲ್ಲ ಅಂತ 34 ಹಲ್ಲಿನ ಕ್ಯಾಸೆಟ್ (ಹಿಂದಿನ ಗೇರುಗಳ ಸೆಟ್ಟು) ಹಾಕಿಸ್ದೆ. ಮುಂದೆ ಪೆಡಲ್ ಹತ್ರ ಇರೋ ಚಿಕ್ಕ ಹಲ್ಲಿನ ಚಕ್ರಾನೂ 34, ಅಂದ್ರೆ ಪೆಡಲ್ ಒಂದು ಸುತ್ತು ಹಾಕಿದ್ರೆ ಹಿಂದಿನ ಗಾಲಿನೂ ಒಂದೇ ಸುತ್ತು. ಚೈನು, ಅದನ್ನ ಗೇರಿಂದ ಗೇರಿಗೆ ಸರಿಸೋ ಡಿರೇಲರ್ ಎಲ್ಲಾ ಸೇರಿ ಖರ್ಚು ಕೇಳಿದಾಗ ಎದೆ ಧಸಕ್ ಅಂದಿದ್ದು ಹೌದು, ಆದ್ರೆ ಬೈಕಿಗೆ ಹಾಕಿದ ದುಡ್ಡಲ್ಲಿ ವಸೂಲಾಗಿದ್ದು ಅಂದ್ರೆ ಇದೊಂದೇ. ಎರಡು ಘಾಟಿನೂ ಇದೇ ಗೇರಲ್ಲಿ ಹತ್ತಿದ್ದೀನಿ, ಹಾಗಾಗಿ ಹೋಲಿಕೆ ಸರಿಸಮ.

ಆಗುಂಬೆ ದಾರಿ ಹೇಗೆ ಅಂದ್ರೆ ತೀರ್ಥಹಳ್ಳಿಯಿಂದ ಗುಡ್ಡೇಕೇರಿ ಮೇಲೆ ಆಗುಂಬೆ, ಅಲ್ಲಿಂದ 14 ಹೇರ್‌ಪಿನ್ ತಿರುವು ಇಳಿದು ಸೋಮೇಶ್ವರ, ಚಾ ಕುಡಿದು ಅದೇ ದಾರಿಲಿ ವಾಪಸ್ಸು. ಒಟ್ಟು ಹೆಚ್ಚುಕಮ್ಮಿ 85 ಕಿ.ಮೀ. ಆಗತ್ತೆ. ಆಗುಂಬೆ ಇರೋದು 640 ಮೀಟರ್ ಚಿಲ್ಲರೆ ಎತ್ತರದಲ್ಲಿ, ಎತ್ತರ ಕೇಳಿದ್ರೆ ಎಂತದೂ ಅಲ್ಲ ಅನ್ಸತ್ತೆ, ಆದ್ರೆ ಅಷ್ಟನ್ನೂ ಕೆಲವೇ ಕಿಲೋಮೀಟರಲ್ಲಿ ಹತ್ತಿ ಮುಗಿಸಬೇಕಲ್ಲ, ಅಲ್ಲೇ ಇರೋದು.

ಈಗ ನನ್ನ ತಲೆಬಿಸಿ ಹೇಳ್ತೀನಿ. ಏರು ಸಮಸ್ಯೆ ಅಲ್ಲ, ನಿಲ್ಲೋದು ಸಮಸ್ಯೆ. ಆಗುಂಬೆಲಿ ಹತ್ತೋವಾಗ ಎಡಕ್ಕೆ ತಿರುಗೋ ಹೇರ್‌ಪಿನ್ ಬಂತು ಅಂದ್ರೆ ನಾವು ಒಳಗಿನ ಮೂಲೆಲಿ ಇರ್ತೀವಿ, ರಸ್ತೆಯ ಕಡಿದಾದ ಜಾಗ ಅದೇ. ಬಲಕ್ಕೆ ತಿರುಗೋದು ಬಂದ್ರೆ ಹೊರಗಿನ ಅಂಚು ಸಿಗತ್ತೆ, ಏರು ಸ್ವಲ್ಪ ಸಡಿಲ, ಉಸಿರು ತಗೋಬಹುದು ಅಂದ್ಕೊಳ್ಳೋವಷ್ಟರಲ್ಲಿ ಮೇಲಿಂದ ಮಿನಿ ಬಸ್ಸು ಬರತ್ತೆ, ಅದಕ್ಕೆ ಒಳಮೂಲೆಲಿ ತಿರುಗ್ಲಿಕ್ಕೆ ಜಾಗ ಸಾಲಲ್ಲ, ಪೂರ್ತಿ ನಮ್ಮ ಕಡೆಗೇ ಮೂತಿ ಚಾಚಿ ತಿರುಗಬೇಕು. ಡ್ರೈವರ್ ತಪ್ಪಲ್ಲ, ರಸ್ತೆ ಇರೋದೇ ಹಾಗೆ. ಇದರ ಮೇಲೆ ಕಾರಿನೋರು. ಮಂಗಕ್ಕೆ ಬಿಸ್ಕೆಟ್ ಹಾಕ್ಲಿಕ್ಕೆ, ಕಣಿವೆ ಫೋಟೋ ತೆಗೀಲಿಕ್ಕೆ ಸರಿಯಾಗಿ ತಿರುವಿನ ಬಾಯಲ್ಲೇ ಗಾಡಿ ನಿಲ್ಸಿ ಬಾಗ್ಲು ತೆಗೀತಾರೆ. ಹಿಂದೆ ಎರಡು ಗಾಡಿ ನಿಲ್ಲತ್ತೆ, ಅದರ ಹಿಂದೆ ನಾನು.

ನಿಂತ ಮೇಲೆ ಮತ್ತೆ ಹೊರಡೋದು ಇದ್ಯಲ್ಲ, ಅದೊಂದು ಸರ್ಕಸ್ಸು. ಕ್ಲೀಟ್ (ಪೆಡಲಿಗೆ ಕಚ್ಕೊಳ್ಳೋ ಕೊಕ್ಕೆ) ಇರೋ ಶೂ ಹಾಕಿದ್ರೆ ಒಂದು ಕಾಲು ಪೆಡಲಿಗೆ ಸಿಕ್ಕಿಸಿ ತುಳಿದು, ಚಕ್ರ ಅರ್ಧ ಸುತ್ತು ಹೋಗೋದ್ರೊಳಗೆ ಇನ್ನೊಂದು ಕಾಲು ಸಿಕ್ಕಿಸಬೇಕು, ಸಿಕ್ಕಲಿಲ್ಲ ಅಂದ್ರೆ ಬೈಕು ಅಲ್ಲೇ ಮಗುಚತ್ತೆ. ಶೂ ಅಡಿ ಕೆಂಪು ಮಣ್ಣು ಮೆತ್ಕೊಂಡಿದ್ರೆ ಕ್ಲಿಕ್ ಅನ್ನೋದೇ ಇಲ್ಲ. ಗೇರು ಇಳಿಸೋಣ ಅಂದ್ರೆ ನಿಂತ ಬೈಕಲ್ಲಿ ಚೈನು ಸರಿಯಲ್ಲ, ಪೆಡಲ್ ತಿರುಗ್ತಾ ಇದ್ರೆ ಮಾತ್ರ ಅದು ಪಕ್ಕದ ಹಲ್ಲಿಗೆ ಹೋಗೋದು. ಅದಕ್ಕೇ ದೂರದಲ್ಲಿ ಬ್ರೇಕ್ ಲೈಟ್ ಕಂಡ ಕೂಡ್ಲೇ ಕೆಳಗಿನ ಗೇರಿಗೆ ಬಂದುಬಿಡೋದು ಅಭ್ಯಾಸ ಮಾಡ್ಕೊಳ್ಳಿ. ಹೊರಡೋವಾಗ ನೇರ ಮೇಲಕ್ಕೆ ಮುಖ ಮಾಡ್ಬೇಡಿ, ಹಿಂದೆ ಮುಂದೆ ನೋಡಿ, ರಸ್ತೆ ಖಾಲಿ ಇದ್ರೆ ಅಡ್ಡಡ್ಡ ತುಳಿದು ಸ್ವಲ್ಪ ವೇಗ ಬಂದ ಮೇಲೆ ತಿರುಗ್ಸಿ. ಖಾಲಿ ಇಲ್ವಾ, ಸುಮ್ನೆ ಇಳಿದು ಮುಂದಿನ ಸಡಿಲ ಜಾಗದವರೆಗೆ ತಳ್ಕೊಂಡು ಹೋಗೋದೇ ಸರಿ. ಚಪ್ಪಟೆ ಪೆಡಲ್ಲು, ಮಾಮೂಲಿ ಶೂ ಹಾಕ್ಕೊಂಡು ಬರೋ ನನ್ನ ಸ್ನೇಹಿತನಿಗೆ ಈ ರಗಳೆನೇ ಇಲ್ಲ, ಅವನು ಆಗುಂಬೆನೇ ಬೆಸ್ಟ್ ಅಂತಾನೆ, ಅನ್ಲಿ.

ಇನ್ನು ಹುಲಿಕಲ್. ಬಾಳೆಬರೆ ಘಾಟಿ ಅಂತಾನೂ ಕರೀತಾರೆ. ತೀರ್ಥಹಳ್ಳಿಯಿಂದ ಕುಂದಾಪುರ ರಸ್ತೆ ಹಿಡಿದು ಯಡೂರು, ಮಾಸ್ತಿಕಟ್ಟೆ, ಆಮೇಲೆ ಘಾಟಿ ಇಳಿದು ಹೊಸಂಗಡಿ. ಅಲ್ಲಿಂದ ತಿರುಗಿ ಘಾಟಿ ಹತ್ತಿ ನಗರ ಅನ್ನೋ ಊರು, ಆಮೇಲೆ ಹೊಸನಗರ. ದೂರ ನೂರರ ಹತ್ರ ಹತ್ರ ಹೋಗತ್ತೆ. ಆಗುಂಬೆಲಿ ಭಾರಿ ವಾಹನಕ್ಕೆ ನಿಷೇಧ ಇರೋದ್ರಿಂದ ಲಾರಿ ಎಲ್ಲಾ ಈ ಕಡೆನೇ ಬರೋದು, ಇದನ್ನ ಕೇಳಿದ ಕೂಡ್ಲೇ ಸುಮಾರು ಜನ ಬೇಡಪ್ಪ ಅಂತಾರೆ. ನಂಗೆ ಉಲ್ಟಾ ಅನುಭವ. ಲೋಡ್ ಲಾರಿ ಘಾಟಿ ಹತ್ತೋದು ನಮ್ಗಿಂತ ಸ್ವಲ್ಪ ಜಾಸ್ತಿ ವೇಗದಲ್ಲಿ ಅಷ್ಟೆ, ಗುರ್ರ್ ಅನ್ನೋ ಸದ್ದು ಎರಡು ತಿರುವು ಮೊದ್ಲೇ ಕೇಳತ್ತೆ, ಪಕ್ಕಕ್ಕೆ ಸರಿಯೋಕೆ ಟೈಮ್ ಸಿಗತ್ತೆ. ಎಲ್ಲಿ ಬೇಕಾದ್ರಲ್ಲಿ ಅವು ನಿಲ್ಲಲ್ಲ, ನಿಂತ್ರೆ ಅವಕ್ಕೂ ಹೊರಡೋದು ಕಷ್ಟ ತಾನೆ! ನಿಲ್ಲೋದು ಒಂದೇ ಕಡೆ, ಚಂಡಿಕಾಂಬ ದೇವಸ್ಥಾನದ ಹತ್ರ. ಡ್ರೈವರ್‌ಗಳು ಇಳಿದು ಕೈಮುಗಿದು ಮುಂದೆ ಹೋಗೋದು, ನಾನೂ ಅಲ್ಲೇ ಇಳಿದು ನೀರು ಕುಡಿಯೋದು. ಹೊಗೆ ಮಾತ್ರ ಕುಡೀಬೇಕು, ಅದನ್ನ ಇಲ್ಲ ಅನ್ನಲ್ಲ.

ಏರು ಉದ್ದ, ಆದ್ರೆ ಒಂದೇ ಹದ. ತಿರುವು ಇಲ್ಲ ಅಂತಲ್ಲ, ಆಗುಂಬೆ ಥರ ಸಾಲಾಗಿ ಕುತ್ತಿಗೆ ಹಿಡಿಯಲ್ಲ. ಒಂದು ಗೇರಿಗೆ ಹಾಕಿ ಕೂತ್ರೆ ತುಳಿತಾನೇ ಇರಬಹುದು. ಮೇಲಿನ ನೀರು ಗುಡ್ಡದ ಒಳಗಿಂದ ಇಳಿದು ಹೊಸಂಗಡಿಲಿರೋ ವಾರಾಹಿ ಭೂಗರ್ಭ ವಿದ್ಯುದಾಗಾರಕ್ಕೆ ಬೀಳತ್ತೆ, 460 ಮೆಗಾವ್ಯಾಟ್ ಸಾಮರ್ಥ್ಯದ್ದು. ಆ ನೀರು ಇಳಿಯೋ ಎತ್ತರಾನ ನಾವು ಕಾಲಲ್ಲಿ ಹತ್ತಬೇಕು, ತೊಡೆ ಉರೀಲಿಕ್ಕೆ ಶುರುವಾದಾಗ ನಂಗೆ ಇದೇ ನೆನಪಾಗೋದು.

ಹತ್ತಿದ ಮೇಲೆ ಸಿಗೋದು ಎಂತ ಅಂತ ನೋಡಿದ್ರಂತೂ ಹುಲಿಕಲ್ ಕಡೆಗೇ ತೂಕ ಜಾಸ್ತಿ. ನಗರ ಅಂದ್ರೆ ಹಳೇ ಬಿದನೂರು. ಕೆಳದಿ, ಇಕ್ಕೇರಿ ಆದ್ಮೇಲೆ ಕೆಳದಿ ನಾಯಕರ ರಾಜಧಾನಿ ಇದ್ದಿದ್ದು ಇಲ್ಲೇ, 1763ರಲ್ಲಿ ಹೈದರಾಲಿ ಹಿಡಿದು ಹೈದರ್‌ನಗರ ಅಂದ, ಈಗ ಬರೀ ನಗರ. 1783ರಲ್ಲಿ ಬ್ರಿಟಿಷ್ ಜನರಲ್ ಮ್ಯಾಥ್ಯೂಸ್ ಕರಾವಳಿಯಿಂದ ಸೈನ್ಯ ತಗೊಂಡು ಹೊಸಂಗಡಿ ಘಟ್ಟ ಹತ್ತೇ ಬಿದನೂರಿಗೆ ಬಂದಿದ್ದು, ಅದೇ ವರ್ಷ ಟಿಪ್ಪು ಬಂದು ವಾಪಸ್ ಕಿತ್ಕೊಂಡ. ಅವರು ಫಿರಂಗಿ ಎಳ್ಕೊಂಡು ಹತ್ತಿದ ಘಟ್ಟನ ನಾವು ಹತ್ತು ಕೆ.ಜಿ. ಸೈಕಲ್ಲಲ್ಲಿ ಹತ್ತಿ ದೊಡ್ಡ ಸಾಧನೆ ಅಂತೀವಿ, ಇರ್ಲಿ ಬಿಡಿ. ಕೋಟೆ ರಸ್ತೆ ಪಕ್ಕದಲ್ಲೇ ಇದೆ, ಕ್ಲೀಟ್ ಶೂಲಿ ಕಲ್ಲು ಹತ್ತೋ ಸಾಹಸ ಮಾತ್ರ ಬೇಡ, ಜಾರತ್ತೆ. ಇನ್ನೂ ಶಕ್ತಿ ಇದ್ರೆ ದೇವಗಂಗೆ ಕೊಳ ನೋಡ್ಕೊಂಡು ಬನ್ನಿ. ಕವಲೇದುರ್ಗಾನೂ ತೀರ್ಥಹಳ್ಳಿಯಿಂದ ಹೋಗೋ ಇದೇ ದಿಕ್ಕಲ್ಲಿದೆ, ಆದ್ರೆ ಒಂದೇ ದಿನ ಎರಡು ಕೋಟೆ ನಂಗಾಗಲ್ಲ.

ಹುಲಿಕಲ್ ಲೋಪ ಹೇಳ್ಲೇಬೇಕು. ಮಳೆಗಾಲದಲ್ಲಿ ಧರೆ ಕುಸಿಯತ್ತೆ, ಹೋಗ್ಲೇಬೇಡಿ. ಮಳೆ ನಿಂತ ಹೊಸತರಲ್ಲಿ ಹೊಂಡ ಜಾಸ್ತಿ, 25 ಎಂಎಂ ಟೈರಿಗಿಂತ 28 ವಾಸಿ. ಮೊಬೈಲ್ ಸಿಗ್ನಲ್ ನಂಬ್ಕೋಬೇಡಿ. ಮಾಸ್ತಿಕಟ್ಟೆ ಬಿಟ್ರೆ ಹೊಸಂಗಡಿವರೆಗೆ ಅಂಗಡಿ ಅಂತ ನೆಚ್ಕೋಬಾರ್ದು, ಎರಡು ಬಾಟ್ಲಿ ನೀರು, ಎರಡು ಟ್ಯೂಬು ಇರ್ಲಿ. ನಮ್ಮ ಟ್ಯೂಬಿನ ಸಣ್ಣ ವಾಲ್ವಿಗೆ ಹಳ್ಳಿ ಸೈಕಲ್ ಶಾಪಿನ ಪಂಪು ಕೂರಲ್ಲ, ಅಡಾಪ್ಟರ್ ಸಿಗತ್ತೆ, ಜೇಬಲ್ಲಿ ಹಾಕ್ಕೊಳ್ಳಿ.

ತಿಂಡಿ ವಿಷಯಕ್ಕೆ ಆಗುಂಬೆ ದಾರಿನೇ ಗೆಲ್ಲೋದು. ಕಾಡು ಎರಡೂ ಕಡೆ ಒಂದೇ. ಮಂಜು ಆಗುಂಬೆಲಿ ಜಾಸ್ತಿ, ಹಿಂದಿನ ಲೈಟ್ ಹಗಲಲ್ಲೂ ಆನ್ ಇಟ್ಕೊಳ್ಳಿ.

ಬರೀ ಊರು, ದೇವಸ್ಥಾನ ನೋಡಬೇಕು, ಘಟ್ಟ ಬೇಡ ಅನ್ನೋರಿಗೆ ಸಾಗರದಿಂದ ಕೆಳದಿ, ಇಕ್ಕೇರಿ ಸುತ್ತು ಇದೆ. ಕೆಳದಿ ದೇವಸ್ಥಾನದ ಛಾವಣಿಲಿರೋ ಗಂಡಭೇರುಂಡ, ಇಕ್ಕೇರಿ ಅಘೋರೇಶ್ವರ ಎರಡೂ ಅರ್ಧ ದಿನದಲ್ಲಿ ಆರಾಮಾಗಿ ಮುಗಿಯತ್ತೆ, ಕಾಲು ನೋಯಲ್ಲ. ಅದಕ್ಕೇ ನಾನು ಅದನ್ನ ಈ ಪಂದ್ಯಕ್ಕೆ ಸೇರಿಸಿಲ್ಲ.

ಖರ್ಚು ನೋಡಿದ್ರೆ ಆಗುಂಬೆ ಸೋವಿ, ಹೊರಟಲ್ಲಿಗೇ ತುಳ್ಕೊಂಡು ವಾಪಸ್ ಬರ್ತೀರಿ. ಹುಲಿಕಲ್ ಸುತ್ತು ಮುಗಿಯೋದು ಹೊಸನಗರದಲ್ಲಿ, ನಂಗೆ ಡ್ರಾಪ್ ಕೊಡ್ಲಿಕ್ಕೆ ಕಾರಿಲ್ಲ, ಬಸ್ ಟಾಪಿಗೆ ಸೈಕಲ್ ಹಾಕಿಸಿ ಲಗೇಜು ಕೊಟ್ಟು ಬರೋದು. ಕಂಡಕ್ಟರ್ ಮೂಡ್ ಮೇಲೆ ರೇಟು. ಮಧ್ಯಾಹ್ನದ ಬಸ್ಸಲ್ಲಿ ಟಾಪ್ ಖಾಲಿ ಇರತ್ತೆ, ಅಡಿಕೆ ಕೊಯ್ಲಿನ ಟೈಮಲ್ಲಿ ಮೂಟೆ ತುಂಬಿರತ್ತೆ, ಹಗ್ಗ ನೀವೇ ತಗೊಂಡು ಹೋಗಿ, ಡಿರೇಲರ್ ಇರೋ ಬಲಗಡೆ ಮೇಲೆ ಬರೋ ಹಾಗೆ ಮಲಗ್ಸಿ. ಆ ಬಸ್ ಚಾರ್ಜು ನಾನು ಖುಷಿಯಿಂದ ಕೊಡ್ತೀನಿ.

ಬೆಳಿಗ್ಗೆ ಐದಕ್ಕೆ ಏಳೋರಾದ್ರೆ, ವಾರದ ಮಧ್ಯೆ ರಜ ಸಿಗೋರಾದ್ರೆ ಆಗುಂಬೆನೂ ಖಾಲಿ ಇರತ್ತೆ, ನನ್ನ ದೂರು ಅರ್ಧ ಬಿದ್ದೇ ಹೋಗತ್ತೆ. ನಂಗೆ ಸಿಗೋದು ಭಾನುವಾರ ಒಂದೇ, ಅವತ್ತು ಊರಿಗೆ ಊರೇ ಅಲ್ಲಿರತ್ತೆ. ಆಗುಂಬೆ ಇಳಿದು ಹೆಬ್ರಿ, ಸಿದ್ದಾಪುರ ಮೇಲೆ ಬಂದು ಹುಲಿಕಲ್ ಹತ್ತಿದ್ರೆ ಎರಡೂ ಸಿಗತ್ತೆ ಅಂತ ಹೇಳೋರಿದ್ದಾರೆ, ಕೆಳಗಿನ ಆ ಸೆಖೆಲಿ ಬೆಂದು ಆಮೇಲೆ ಘಟ್ಟಕ್ಕೆ ಬರೋ ತಾಕತ್ತು ಇದ್ದೋರು ಡಿಸೆಂಬರಲ್ಲಿ ಮಾಡಿ ನೋಡಿ.