ನ್ಯೂಜೆರ್ಸಿಯಲ್ಲಿ ಪ್ಲಾನಿಂಗ್ ಬೋರ್ಡಿಗೆ ಎರಡು ಸಲ ಅರ್ಜಿ: ನಮ್ಮ ಊರಿನ ಆಯ್ಕೆ ಕ್ರಮದ ವಿಮರ್ಶೆ

ನ್ಯೂಜೆರ್ಸಿಯಲ್ಲಿ ನಾನು ವಾಸವಿರುವ ಟೌನ್‌ಶಿಪ್ಪಿನ ಪ್ಲಾನಿಂಗ್ ಬೋರ್ಡಿನ, ಅಂದರೆ ಕಟ್ಟಡ ಮತ್ತು ಭೂಬಳಕೆಯ ಅರ್ಜಿಗಳನ್ನು ತೀರ್ಮಾನಿಸುವ ಮಂಡಳಿಯ, ಸದಸ್ಯನಾಗಲು ಎರಡು ಸಲ ಅರ್ಜಿ ಹಾಕಿದ್ದೇನೆ. ಎರಡು ಅರ್ಜಿಗಳ ನಡುವೆ ಮೂರು ವರ್ಷ ಕಳೆದಿತ್ತು, ಅಷ್ಟರಲ್ಲಿ ಊರಿನವರು ಅಭ್ಯರ್ಥಿಗಳನ್ನು ಪರಿಶೀಲಿಸುವ ಕ್ರಮವನ್ನೇ ಬದಲಾಯಿಸಿದ್ದರು. ಹಾಗಾಗಿ ಒಂದೇ ಸೇವೆಯ ಹಳೆಯ ರೂಪವನ್ನೂ ಹೊಸ ರೂಪವನ್ನೂ ಅರ್ಜಿದಾರನ ಕುರ್ಚಿಯಲ್ಲಿ ಕುಳಿತೇ ನೋಡುವ ಅವಕಾಶ ನನಗೆ ಸಿಕ್ಕಿತು. ಊರಿನ ಹೆಸರು ಇಲ್ಲಿ ಬೇಡ. ಈ ರಾಜ್ಯದಲ್ಲಿ 564 ಸ್ಥಳೀಯ ಆಡಳಿತಗಳಿವೆ, ಕಾನೂನು ಎಲ್ಲಕ್ಕೂ ಒಂದೇ ಆದರೂ ಸದಸ್ಯರನ್ನು ಆರಿಸುವ ರೂಢಿ ಊರಿಂದೂರಿಗೆ ಬೇರೆ. ನನ್ನ ಅನುಭವದಲ್ಲಿ ಅಕ್ಕಪಕ್ಕದ ಊರುಗಳ ಕನ್ನಡಿಗರಿಗೂ ಉಪಯೋಗಕ್ಕೆ ಬರುವಂಥದ್ದು ಇದೆ ಎಂದುಕೊಂಡು ಬರೆಯುತ್ತಿದ್ದೇನೆ.

ಈ ಬೋರ್ಡುಗಳ ಕೈಯಲ್ಲಿ ಏನಿದೆ ಎಂಬುದು ತಿಳಿಯದೆ ಪರಿಶೀಲನೆಯ ಬೆಲೆ ತಿಳಿಯುವುದಿಲ್ಲ. 1975ರ ಭೂಬಳಕೆ ಕಾಯಿದೆಯ ಪ್ರಕಾರ ಪ್ಲಾನಿಂಗ್ ಬೋರ್ಡಿನಲ್ಲಿ 7 ಅಥವಾ 9 ಸದಸ್ಯರಿರುತ್ತಾರೆ. ಮೇಯರ್ ಮೊದಲ ವರ್ಗ, ಊರಿನ ಅಧಿಕಾರಿಯೊಬ್ಬರು ಎರಡನೆಯ ವರ್ಗ, ಕೌನ್ಸಿಲ್ ಸದಸ್ಯರೊಬ್ಬರು ಮೂರನೆಯ ವರ್ಗ, ಉಳಿದವರೆಲ್ಲ ನಾಲ್ಕನೆಯ ವರ್ಗ. ನಮ್ಮ ಕಡೆ ನಾಲ್ಕನೇ ದರ್ಜೆ ಎಂದರೆ ಬೇರೆಯೇ ಅರ್ಥ, ಇಲ್ಲಿ ಅದು ಹುದ್ದೆ ಇಲ್ಲದ ಸಾಮಾನ್ಯ ನಿವಾಸಿಯ ಸ್ಥಾನ, ಅವಧಿ ನಾಲ್ಕು ವರ್ಷ. ಇದರ ಜೊತೆಗೆ ಜೋನಿಂಗ್ ಬೋರ್ಡ್ ಎಂಬ ಇನ್ನೊಂದು ಮಂಡಳಿಯಿದೆ. ಅದರಲ್ಲಿ 7 ಜನ, ನಿಗದಿತ ಬಳಕೆಯನ್ನೇ ಮೀರುವ ಕಟ್ಟಡಕ್ಕೆ ಅನುಮತಿ ಸಿಗಬೇಕಾದರೆ ಅವರಲ್ಲಿ 5 ಮತ ಬೇಕು.

ಪುನರಭಿವೃದ್ಧಿಯ ವಿಷಯ ಇದಕ್ಕಿಂತ ಭಾರವಾದದ್ದು. 1992ರ ಕಾಯಿದೆಯಂತೆ ಕೌನ್ಸಿಲ್ ಸೂಚಿಸಿದ ಪ್ರದೇಶ ನಿಜಕ್ಕೂ ಪುನರಭಿವೃದ್ಧಿ ಬೇಕಾದಷ್ಟು ಹದಗೆಟ್ಟಿದೆಯೇ ಎಂದು ಪ್ಲಾನಿಂಗ್ ಬೋರ್ಡ್ ತನಿಖೆ ಮಾಡಿ, ಸಾರ್ವಜನಿಕ ವಿಚಾರಣೆ ನಡೆಸಿ, ಶಿಫಾರಸು ಕೊಡಬೇಕು. ಕೆಲವು ಊರುಗಳಲ್ಲಿ ಕೆಲಸ ನಡೆಸಲು ಪ್ರತ್ಯೇಕ ಪುನರಭಿವೃದ್ಧಿ ಏಜೆನ್ಸಿಯೂ ಇರುತ್ತದೆ: 7 ಕಮಿಷನರುಗಳು, ತಲಾ ಐದು ವರ್ಷದ ಅವಧಿ, ಅವರಲ್ಲಿ ಊರಿನ ಅಧಿಕಾರಿಗಳು ಅಥವಾ ನೌಕರರು ಇಬ್ಬರಿಗಿಂತ ಹೆಚ್ಚಿರುವಂತಿಲ್ಲ. ಘೋಷಣೆಯ ಬಗೆಯನ್ನು ಅವಲಂಬಿಸಿ ಒಬ್ಬರ ಅಂಗಡಿಯನ್ನೋ ಮನೆಯನ್ನೋ ಊರು ಬಲವಂತವಾಗಿ ಸ್ವಾಧೀನಪಡಿಸಿಕೊಳ್ಳಬಹುದು. ಸ್ವಾಧೀನದ ಅಧಿಕಾರವಿರುವ ಘೋಷಣೆ, ಇಲ್ಲದ ಘೋಷಣೆ ಎಂಬ ಎರಡು ಬಗೆಯನ್ನು ಕಾನೂನಿನಲ್ಲಿ ಬೇರ್ಪಡಿಸಿದ್ದು 2013ರಲ್ಲಿ. ಕಟ್ಟುವವರಿಗೆ ಮಾಮೂಲು ಆಸ್ತಿ ತೆರಿಗೆಯ ಬದಲು 30 ವರ್ಷದವರೆಗೆ ಒಪ್ಪಂದದ ಮೊತ್ತ ಕಟ್ಟುವ ಅವಕಾಶ ಸಿಗಬಹುದು. ಆ ಮೊತ್ತದಲ್ಲಿ ಶೇ. 95 ಊರಿಗೆ, ಶೇ. 5 ಕೌಂಟಿಗೆ, ಶಾಲಾ ಜಿಲ್ಲೆಗೆ ಕಾನೂನಿನ ಪ್ರಕಾರ ಪಾಲಿಲ್ಲ. ಮಕ್ಕಳ ಶಾಲೆ ನೋಡಿಯೇ ಊರು ಆರಿಸಿಕೊಂಡ ನಮ್ಮವರಲ್ಲಿ ಎಷ್ಟು ಜನ ಇದನ್ನು ಗಮನಿಸಿದ್ದಾರೆ ಎಂದು ನಾನು ಆಗಾಗ ಯೋಚಿಸುತ್ತೇನೆ.

ಪಾಲ್ಸ್‌ಬರೋ ಎಂಬ ಊರಿನಲ್ಲಿ ಗ್ಯಾಲೆಂಥಿನ್ ಕುಟುಂಬಕ್ಕೆ ಸೇರಿದ, ಬಹುಪಾಲು ಜೌಗಾಗಿದ್ದ ಸುಮಾರು 63 ಎಕರೆ ಜಮೀನನ್ನು ಹೀಗೆ ಪುನರಭಿವೃದ್ಧಿ ಬೇಕಾದ ಪ್ರದೇಶವೆಂದು ಘೋಷಿಸಿದ್ದರು. 2007ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿ, ಜಮೀನು ಪೂರ್ತಿ ಬಳಕೆಯಾಗುತ್ತಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ಹದಗೆಟ್ಟ ಪ್ರದೇಶ ಎನ್ನುವಂತಿಲ್ಲ ಎಂದಿತು. ಹಾಗೆ ನೋಡಿದರೆ ಬೋರ್ಡಿನಲ್ಲಿ ಕುಳಿತ ದಂತವೈದ್ಯರೋ ನಿವೃತ್ತ ಶಿಕ್ಷಕಿಯೋ ಸಲಹೆಗಾರರ ವರದಿಯನ್ನು ಮುಂದಿಟ್ಟುಕೊಂಡು ಕೇಳಬೇಕಾಗಿದ್ದ ಪ್ರಶ್ನೆಯೂ ಅದೇ. ಆ ಪ್ರಶ್ನೆ ಕೇಳಬಲ್ಲವರು ಯಾರು, ಕೇಳದಂತೆ ಯಾವುದಾದರೂ ನಂಟು ಅವರನ್ನು ತಡೆಯುತ್ತದೆಯೇ ಎಂದು ಮೊದಲೇ ತಿಳಿದುಕೊಳ್ಳುವುದು ಆಯ್ಕೆ ಸೇವೆಯ ಕೆಲಸ. ನನ್ನ ವಿಮರ್ಶೆಯ ಅಳತೆಗೋಲೂ ಇಷ್ಟೇ.

ಮೊದಲ ಸಲದ ಅನುಭವವನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಅಲ್ಲಿ ಹೇಳುವಂಥದ್ದು ಹೆಚ್ಚಿರಲಿಲ್ಲ. ಮುನಿಸಿಪಲ್ ಕ್ಲರ್ಕ್ ಕಚೇರಿಯಿಂದ ಎರಡು ಪುಟದ ಅರ್ಜಿ ತಂದೆ. (ಇಲ್ಲಿ ಕ್ಲರ್ಕ್ ಎಂದರೆ ಗುಮಾಸ್ತರಲ್ಲ, ಊರಿನ ದಾಖಲೆಗಳ ಮತ್ತು ಚುನಾವಣೆಯ ಹೊಣೆ ಹೊತ್ತ ಹಿರಿಯ ಅಧಿಕಾರಿ.) ಹೆಸರು, ವಿಳಾಸ, ಎಷ್ಟು ವರ್ಷದಿಂದ ವಾಸ, ಉದ್ಯೋಗ, ಯಾವ ಯಾವ ಸಮಿತಿಗಳಲ್ಲಿ ಆಸಕ್ತಿ ಎಂದು ಟಿಕ್ ಮಾಡಲು ಹದಿನಾಲ್ಕು ಚೌಕಗಳು. ಮರಗಳ ಸಮಿತಿ, ಗ್ರಂಥಾಲಯ, ಹಿರಿಯ ನಾಗರಿಕರ ಸಮಿತಿ, ಪ್ಲಾನಿಂಗ್ ಬೋರ್ಡ್ ಎಲ್ಲವೂ ಒಂದೇ ಸಾಲಿನಲ್ಲಿ ನಿಂತಿದ್ದವು. ಹಿತಾಸಕ್ತಿ ಸಂಘರ್ಷ ಏನಾದರೂ ಇದೆಯೇ ಎಂಬ ಪ್ರಶ್ನೆಗೆ ಹೌದು, ಇಲ್ಲ ಎಂಬ ಎರಡು ಚೌಕ. ನಾನು ‘ಇಲ್ಲ’ ಎಂದು ಗುರುತು ಹಾಕಿದೆ, ಸುಳ್ಳು ಹೇಳುವ ಉದ್ದೇಶ ನನಗಿರಲಿಲ್ಲ, ಆದರೆ ಸಂಘರ್ಷ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಸಂದರ್ಶನ ಒಂಬತ್ತು ನಿಮಿಷಕ್ಕೆ ಮುಗಿಯಿತು. ಏಕೆ ಸೇವೆ ಮಾಡಲು ಬಯಸುತ್ತೀರಿ ಎಂದು ಕೇಳಿದರು, ಊರಿಗೆ ಏನಾದರೂ ಮರಳಿ ಕೊಡಬೇಕೆಂದಿದೆ ಎಂದೆ. ಈ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಕೊಟ್ಟವರನ್ನು ನಾನು ಕಂಡಿಲ್ಲ. ಅದಾದ ಮೇಲೆ ಒಂದು ಪತ್ರವೂ ಬರಲಿಲ್ಲ, ಜನವರಿ ಮೊದಲ ವಾರದ ಕೌನ್ಸಿಲ್ ಪುನರ್ರಚನೆ ಸಭೆಯಲ್ಲಿ ಬೇರೊಬ್ಬರ ಹೆಸರು ಓದಿದಾಗ ನನ್ನದು ಆಗಲಿಲ್ಲ ಎಂದು ತಿಳಿಯಿತು.

ಮೂರು ವರ್ಷದ ನಂತರ ಕಂಡ ಹೊಸ ಕ್ರಮದಲ್ಲಿ ಮೆಚ್ಚಬೇಕಾದ ಎರಡು ಸಂಗತಿಗಳಿದ್ದವು. ಮೊದಲನೆಯದು, ಸಂದರ್ಶನದ ಮೇಜಿನ ಮೇಲೆ ಒಂದು ಹಾಳೆ. ಎಷ್ಟೋ ವರ್ಷದ ಹಿಂದೆ ತೀರ್ಮಾನವಾಗಿ, ಕಟ್ಟಿಯೂ ಮುಗಿದ ಅಂಗಡಿ ಸಾಲೊಂದರ ಸೈಟ್ ಪ್ಲಾನ್ ಅದು, ಮೇಜಿನ ಮುಕ್ಕಾಲು ಭಾಗ ಆವರಿಸುವಷ್ಟು ದೊಡ್ಡದು, ಸುರುಳಿ ಸುತ್ತಿಕೊಳ್ಳದಂತೆ ಒಂದು ತುದಿಗೆ ಸ್ಟೇಪ್ಲರ್, ಇನ್ನೊಂದು ತುದಿಗೆ ನೀರಿನ ಬಾಟಲಿ ಇಟ್ಟಿದ್ದರು. ಹತ್ತು ನಿಮಿಷ ನೋಡಿ, ಅರ್ಜಿದಾರರನ್ನು ನೀವು ಯಾವ ಮೂರು ಪ್ರಶ್ನೆ ಕೇಳುತ್ತೀರಿ ಹೇಳಿ ಎಂದರು. ನಾನು ಪಾರ್ಕಿಂಗ್ ಜಾಗಗಳನ್ನು ಎಣಿಸಿದೆ, ಕಸದ ಡಬ್ಬಿಗಳ ಆವರಣ ಹಿಂದಿನ ಮನೆಗಳ ಬೇಲಿಗೆ ತೀರ ಹತ್ತಿರವಿದೆ ಎಂದೆ, ಮಳೆನೀರು ಇಂಗುವ ಗುಂಡಿ ಜಮೀನಿನ ಎತ್ತರದ ಕಡೆ ಇರುವಂತೆ ಕಾಣುತ್ತದಲ್ಲ ಎಂದೆ. ಎತ್ತರ ತಗ್ಗು ತೋರಿಸುವ ರೇಖೆಗಳನ್ನು ನಾನು ತಲೆಕೆಳಗಾಗಿ ಓದಿದ್ದೆ. ಅದನ್ನು ಬೋರ್ಡಿನ ಇಂಜಿನಿಯರ್ ಮೆಲ್ಲಗೆ ತಿದ್ದಿ, ಫೈರ್ ಎಂಜಿನ್ ಹಿಂಬದಿಗೆ ಹೋದರೆ ಎಲ್ಲಿ ತಿರುಗುತ್ತದೆ ತೋರಿಸಿ ಎಂದು ಕೇಳಿದರು. ಹುಡುಕಿದೆ, ತಿರುಗಲು ಜಾಗವೇ ಇರಲಿಲ್ಲ! ಮೂಲ ಅರ್ಜಿಯ ವಿಚಾರಣೆಯಲ್ಲೂ ಯಾರೂ ಅದನ್ನು ಗಮನಿಸದೆ, ಆಮೇಲೆ ಅಗ್ನಿಶಾಮಕ ಅಧಿಕಾರಿ ಹೇಳಿದ ಮೇಲೆ ಪ್ಲಾನನ್ನು ತಿದ್ದಬೇಕಾಯಿತಂತೆ. ಈ ಒಂದು ಹಾಳೆ ನನ್ನ ಬಗ್ಗೆ ಅವರಿಗೆ ತಿಳಿಸಿದಷ್ಟನ್ನು ಇಪ್ಪತ್ತು ಸಾಲಿನ ಸ್ವಪರಿಚಯ ತಿಳಿಸಲಾರದು. ತಪ್ಪು ಓದಿದವನು ತಿದ್ದಿದಾಗ ಒಪ್ಪಿಕೊಳ್ಳುತ್ತಾನೆಯೇ, ವಾದಕ್ಕಿಳಿಯುತ್ತಾನೆಯೇ ಎಂಬುದೂ ಅವರಿಗೆ ಅಲ್ಲಿಯೇ ಕಂಡಿರಬೇಕು.

ಎರಡನೆಯದು ಸಂಘರ್ಷದ ಪ್ರಶ್ನಾವಳಿ. ಹೌದು, ಇಲ್ಲ ಎಂಬ ಚೌಕಗಳ ಬದಲು ಈಗ ಒಂದೂವರೆ ಪುಟದ ನಿರ್ದಿಷ್ಟ ಪ್ರಶ್ನೆಗಳಿದ್ದವು: ಊರಿನಲ್ಲಿ ನಿಮಗೆ, ನಿಮ್ಮ ಪತಿ ಅಥವಾ ಪತ್ನಿಗೆ ಇರುವ ಆಸ್ತಿಗಳ ವಿಳಾಸ, ಮನೆಯವರು ಯಾರಾದರೂ ಶಾಲಾ ಜಿಲ್ಲೆಯಲ್ಲಿ ಕೆಲಸ ಮಾಡುತ್ತಾರೆಯೇ, ಬಿಲ್ಡರ್, ಭೂವ್ಯವಹಾರದ ವಕೀಲರು, ಸರ್ವೇ ಇಂಜಿನಿಯರುಗಳೊಂದಿಗೆ ವ್ಯವಹಾರವಿದೆಯೇ, ಯಾವುದೇ ಧಾರ್ಮಿಕ ಅಥವಾ ಸಾಂಸ್ಕೃತಿಕ ಸಂಸ್ಥೆಯ ಪದಾಧಿಕಾರಿಯೇ. ಕೊನೆಯ ಪ್ರಶ್ನೆ ಓದಿ ನನ್ನ ಪೆನ್ನು ನಿಂತಿತು. ನಾನು ಊರಿನ ದೇವಸ್ಥಾನವೊಂದರ ಖಜಾಂಚಿ. ಮೂರು ವರ್ಷದ ಹಿಂದೆ ‘ಇಲ್ಲ’ ಎಂದು ಗುರುತು ಹಾಕಿದಾಗಲೂ ಖಜಾಂಚಿಯೇ ಆಗಿದ್ದೆ.

ಈ ಪ್ರಶ್ನೆಗಳು ಸುಮ್ಮನೆ ಹುಟ್ಟಿದವಲ್ಲ. ಕೆಲವು ಬಗೆಯ ಅರ್ಜಿಗಳನ್ನು ಬಿಟ್ಟರೆ, ಕಟ್ಟುವವರ ಅರ್ಜಿಯ ವಿಚಾರಣೆಗೆ ಕನಿಷ್ಠ 10 ದಿನ ಮೊದಲು, ಆ ಜಾಗದಿಂದ 200 ಅಡಿಯೊಳಗಿನ ಆಸ್ತಿಯ ಮಾಲೀಕರಿಗೆ ನೋಟಿಸ್ ಹೋಗಬೇಕು. ಮಾಂಟ್‌ಕ್ಲೇರ್ ಊರಿನಲ್ಲಿ ಚರ್ಚೊಂದರ ಪಕ್ಕದ ಜಾಗದಲ್ಲಿ ವೃದ್ಧರ ವಸತಿ ಕಟ್ಟಡಕ್ಕಾಗಿ ಪುನರಭಿವೃದ್ಧಿ ಯೋಜನೆಯನ್ನು ತಿದ್ದಿದಾಗ, ಮತ ಹಾಕಿದ್ದ ಮೇಯರ್ ಮತ್ತು ಕೌನ್ಸಿಲ್ ಸದಸ್ಯರೊಬ್ಬರು ಅದೇ ಚರ್ಚಿನ ಸದಸ್ಯರಾಗಿದ್ದರೆಂದು ಗ್ರಾಬೌಸ್ಕಿ ಎಂಬುವರು ಕೋರ್ಟಿಗೆ ಹೋದರು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ್ದು ಹೀಗೆ: ಚರ್ಚಿನ ಬರಿಯ ಸದಸ್ಯತ್ವ ಅನರ್ಹತೆಯಲ್ಲ, ಆದರೆ 200 ಅಡಿಯೊಳಗಿರುವ ಅಂಥ ಸಂಸ್ಥೆಯಲ್ಲಿ ನಿಜವಾದ ನಾಯಕತ್ವದ ಹೊಣೆ ಹೊತ್ತವರು ಆ ವಿಷಯದಲ್ಲಿ ಭಾಗವಹಿಸುವಂತಿಲ್ಲ. 2019ರಲ್ಲಿ ಗಾರ್ಫೀಲ್ಡ್ ನಗರದ ಪಿಸಿಟೆಲ್ಲಿ ಪ್ರಕರಣ ಬಂತು. ಅರ್ಜಿಯ ಹಿಂದಿದ್ದ ಕುಟುಂಬಕ್ಕೆ ಸೇರಿದ ವೈದ್ಯರೊಬ್ಬರು ಶಾಲಾ ಮಂಡಳಿಯ ಅಧ್ಯಕ್ಷರೂ ಆಗಿದ್ದರು. ಜೋನಿಂಗ್ ಬೋರ್ಡಿನಲ್ಲಿ ಆ ಶಾಲಾ ಮಂಡಳಿಯ ಕೈಕೆಳಗೆ ಕೆಲಸ ಮಾಡುವವರು ಇದ್ದಾರೆಯೇ, ಆ ವೈದ್ಯರ ರೋಗಿಗಳು ಇದ್ದಾರೆಯೇ ಎಂಬುದನ್ನು ನೋಡಲೇಬೇಕು ಎಂದಿತು ಕೋರ್ಟ್. ಕೂಡಬಾರದ ಒಬ್ಬ ಸದಸ್ಯ ಕುಳಿತರೂ ಇಡೀ ತೀರ್ಮಾನ ಬಿದ್ದುಹೋಗಬಹುದಾದ್ದರಿಂದ ಇದು ಬರಿಯ ಶಿಷ್ಟಾಚಾರದ ಮಾತಲ್ಲ.

ಖಜಾಂಚಿ ಎಂದು ಬರೆದುಕೊಟ್ಟ ಮೇಲೆ ಅರ್ಜಿ ಬಿದ್ದುಹೋಯಿತು ಎಂದೇ ಭಾವಿಸಿದ್ದೆ. ಸಂದರ್ಶನದಲ್ಲಿದ್ದ ಬೋರ್ಡಿನ ವಕೀಲರು ಅದನ್ನು ಓದಿ, ದೇವಸ್ಥಾನದ ಜಾಗ ಎಲ್ಲಿದೆ, ಮುಂದೆ ವಿಸ್ತರಣೆಯ ಯೋಚನೆ ಇದೆಯೇ ಎಂದಷ್ಟೇ ಕೇಳಿ ಬರೆದುಕೊಂಡರು. ಪರಿಶೀಲನೆ ಎಂದರೆ ನಂಟಿಲ್ಲದವರನ್ನು ಜರಡಿ ಹಿಡಿದು ಹುಡುಕುವುದು ಎಂದು ನಾವು ಅಂದುಕೊಂಡಿರುತ್ತೇವೆ. ಇಪ್ಪತ್ತು ವರ್ಷ ಒಂದೇ ಊರಿನಲ್ಲಿ ಬಾಳಿ, ಯಾವ ನಂಟೂ ಇಲ್ಲದೆ ಉಳಿದವರಿಗೆ ಆ ಊರು ಎಷ್ಟು ಗೊತ್ತಿರಲು ಸಾಧ್ಯ? ನಂಟುಗಳನ್ನು ಮೊದಲೇ ಕಾಗದಕ್ಕಿಳಿಸಿ, ಯಾವ ದಿನ ಯಾರು ಎದ್ದು ಹೋಗಬೇಕು ಎಂಬುದನ್ನು ತಿಳಿದಿಡುವ ಈ ಹೊಸ ಕ್ರಮವೇ ಸರಿ ಎಂದು ನನಗೆ ತೋರುತ್ತದೆ.

ಆದರೂ ಪೂರ್ಣ ಅಂಕ ಕೊಡಲಾರೆ. ಪ್ರಶ್ನಾವಳಿಯಲ್ಲಿ ಚುನಾವಣಾ ದೇಣಿಗೆಯ ಮಾತೇ ಇಲ್ಲ. ದೇಣಿಗೆಯ ವಿವರ ರಾಜ್ಯದ ಚುನಾವಣಾ ಕಾನೂನು ಆಯೋಗದ ಜಾಲತಾಣದಲ್ಲಿ ಯಾರಿಗಾದರೂ ಸಿಗುತ್ತದೆ, ಹಾಗಿರುವಾಗ ನೇಮಕ ಮಾಡುವ ಮೇಯರಿಗೆ ಅಭ್ಯರ್ಥಿ ಹಣ ಕೊಟ್ಟಿದ್ದಾರೆಯೇ ಎಂದು ಅರ್ಜಿಯಲ್ಲೇ ಕೇಳಲು ಅಡ್ಡಿಯೇನು? ಸಂದರ್ಶನ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ನೇಮಕದ ಚರ್ಚೆಯನ್ನು ಹಾಗೆ ನಡೆಸಲು ಸಾರ್ವಜನಿಕ ಸಭೆಗಳ ಕಾಯಿದೆ ಅವಕಾಶ ಕೊಡುತ್ತದೆ ನಿಜ, ಆದರೆ ಹಾಗೆಯೇ ನಡೆಸಬೇಕೆಂಬ ಕಡ್ಡಾಯವಿಲ್ಲ. ಅಭ್ಯರ್ಥಿಗಳ ಹೆಸರು ಮತ್ತು ಅನುಭವವನ್ನಾದರೂ ನೇಮಕಕ್ಕೆ ವಾರ ಮೊದಲು ಪ್ರಕಟಿಸಬಹುದಿತ್ತು. ಇನ್ನು ತರಬೇತಿ. 2005ರ ಕಾಯಿದೆಯಂತೆ ಹೊಸ ಸದಸ್ಯರು 18 ತಿಂಗಳೊಳಗೆ ಮೂಲ ತರಬೇತಿ ಮುಗಿಸಬೇಕು, ಅದು 5 ಗಂಟೆ ಮೀರುವುದಿಲ್ಲ. ಒಂದೂವರೆ ವರ್ಷವೆಂದರೆ ಅಷ್ಟರಲ್ಲಿ ಹತ್ತಾರು ತೀರ್ಮಾನಗಳಿಗೆ ಮತ ಬಿದ್ದಿರುತ್ತದೆ. ಈ ಐದು ಗಂಟೆಯನ್ನು ಮೊದಲ ಮತಕ್ಕೆ ಮುಂಚೆಯೇ ಮುಗಿಸಿ ಎಂದು ಊರು ತಾನಾಗಿ ಕೇಳಿಕೊಂಡರೆ ಯಾರೂ ಬೇಡ ಎನ್ನಲಾರರು. ಸ್ಥಾನ ಸಿಗದವರಿಗೆ ಪತ್ರ ಬರೆಯುವ ಅಭ್ಯಾಸ ಈಗಲೂ ಇಲ್ಲವಂತೆ.

ಅರ್ಜಿ ಹಾಕುವ ಯೋಚನೆಯಿರುವವರಿಗೆ ಎರಡು ಮಾತು. ಆಯ್ಕೆಯಾದರೆ ಪ್ರತಿವರ್ಷ ಏಪ್ರಿಲ್ 30ರೊಳಗೆ ಆರ್ಥಿಕ ವಿವರ ಸಲ್ಲಿಸಬೇಕು. 2,000 ಡಾಲರ್ ಮೀರಿದ ಆದಾಯದ ಮೂಲಗಳು, ರಾಜ್ಯದೊಳಗಿನ ಆಸ್ತಿ, ವ್ಯಾಪಾರದ ಪಾಲುದಾರಿಕೆ ಎಲ್ಲ ಅದರಲ್ಲಿ ಬರಬೇಕು. ಸಂಬಳ ಎಷ್ಟು ಎಂದು ಅದರಲ್ಲಿ ಬರೆಯಬೇಕಾಗಿಲ್ಲ, ಎಲ್ಲಿಂದ ಬರುತ್ತದೆ ಎಂದಷ್ಟೇ. ಮನೆಯಲ್ಲಿ ಇಬ್ಬರೂ ದುಡಿಯುವವರಾದರೆ ಇನ್ನೊಬ್ಬರ ವಿವರವೂ ಸಾರ್ವಜನಿಕವಾಗುತ್ತದೆ, ಆದ್ದರಿಂದ ಅರ್ಜಿಗೆ ಮೊದಲು ಅವರನ್ನೊಂದು ಮಾತು ಕೇಳಿ. ಎರಡನೆಯದಾಗಿ, ಅರ್ಜಿ ಹಾಕುವ ಮುನ್ನ ಎರಡು ಮೂರು ಸಭೆಗಳಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತು ನೋಡಿ. ರಾತ್ರಿ ಹತ್ತೂವರೆಗೆ ಸಾರಿಗೆ ತಜ್ಞರ ಸಾಕ್ಷ್ಯ ಕೇಳುವ ತಾಳ್ಮೆ ನಮಗಿದೆಯೇ ಎಂಬ ಪರಿಶೀಲನೆಯನ್ನು ನಾವೇ ಮಾಡಿಕೊಳ್ಳಬೇಕು.

ನನ್ನನ್ನು ಎರಡನೆಯ ಬದಲಿ ಸದಸ್ಯನಾಗಿ ನೇಮಿಸಿದರು. ನಾಲ್ಕನೆಯ ತಿಂಗಳಲ್ಲಿ ಬಂದ ಅರ್ಜಿ ದೇವಸ್ಥಾನದ ಬೇಲಿಗೆ ತಾಗಿದ ಜಾಗದ್ದು. ಅಂದು ಸಂಜೆ ಸಭೆ ಶುರುವಾಗುವ ಮುಂಚೆಯೇ ವಕೀಲರು ನನ್ನ ಪ್ರಶ್ನಾವಳಿಯ ಪ್ರತಿಯನ್ನು ಫೈಲಿನಿಂದ ತೆಗೆದು ಮುಂದಿಟ್ಟುಕೊಂಡಿದ್ದರು. ಅಧ್ಯಕ್ಷರು ಆ ಅರ್ಜಿಯ ಸಂಖ್ಯೆ ಕೂಗಿದಾಗ ನಾನು ಕಾರಣ ಹೇಳಿ, ನನ್ನ ಹೆಸರಿನ ಫಲಕವನ್ನು ಮಗುಚಿಟ್ಟು, ವೇದಿಕೆ ಇಳಿದು ಸಭಾಂಗಣದಿಂದ ಹೊರಗೆ ಹೋದೆ. ಕಾರಿಡಾರಿನ ಬೆಂಚಿನ ಮೇಲೆ ಒಂದು ಗಂಟೆ ನಲವತ್ತು ನಿಮಿಷ ಕುಳಿತಿದ್ದೆ. ದೇವಸ್ಥಾನದ ಅಧ್ಯಕ್ಷರು ಒಳಗೆ ಏನಾಗುತ್ತಿದೆ ಎಂದು ಎರಡು ಸಲ ಫೋನ್ ಮಾಡಿದರು, ನನಗೆ ತಿಳಿಯದು ಎಂದೆ.