ಬೆಲೆ, ಬೆಳೆ, ಬೇಳೆ: ಕೆ.ಪಿ. ರಾವ್ ಕೀಲಿಮಣೆಯೊಂದಿಗೆ ಒಂದು ವರ್ಷ

ಕಳೆದ ವರ್ಷ ಅಜ್ಜಿಯ ಹಾಡಿನ ಪುಸ್ತಕವನ್ನು ಗಣಕಕ್ಕೆ ಏರಿಸಲು ಕುಳಿತಾಗಲೇ ನನಗೆ ಕೀಲಿಮಣೆಯ ಪ್ರಶ್ನೆ ಎದುರಾದದ್ದು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ತೊಟ್ಟಿಲ ಹಾಡು ಎಂದು ಎರಡು ದಪ್ಪ ನೋಟುಪುಸ್ತಕ ತುಂಬುವಷ್ಟಿದ್ದವು. ಅದುವರೆಗೆ ನಾನು ಕನ್ನಡ ಬರೆಯುತ್ತಿದ್ದದ್ದು ಫೋನಿನಲ್ಲಿ, ಅದೂ ಇಂಗ್ಲಿಷ್ ಅಕ್ಷರಗಳನ್ನು ಒತ್ತಿದರೆ ಕನ್ನಡವಾಗಿ ಬದಲಾಯಿಸಿ ಕೊಡುವ ಕೀಲಿಮಣೆಯಲ್ಲಿ. ನಾಲ್ಕು ಸಾಲಿನ ಸಂದೇಶಕ್ಕೆ ಅದು ಸಾಕಾಗುತ್ತಿತ್ತು. ಹಾಡಿಗೆ ಸಾಕಾಗಲಿಲ್ಲ.

ಕಾರಣ ಸರಳವಾದದ್ದು. ಬಿ, ಇ, ಎಲ್, ಇ ಎಂಬ ನಾಲ್ಕು ಅಕ್ಷರಗಳನ್ನು ಒತ್ತಿದಾಗ ನಾನು ಬರೆಯಹೊರಟದ್ದು ಬೆಲೆಯೋ, ಬೆಳೆಯೋ, ಬೇಳೆಯೋ ಎಂಬುದನ್ನು ಯಂತ್ರ ಊಹಿಸಬೇಕಾಗುತ್ತದೆ. ಜನ ಹೆಚ್ಚಾಗಿ ಬರೆಯುವ ಪದ ಯಾವುದೋ ಅದನ್ನೇ ಅದು ಮೊದಲು ಮುಂದಿಡುತ್ತದೆ. ಹಾಗಾಗಿ ದಿನಬಳಕೆಯ ಮಾತಿಗೆ ಅದು ಚುರುಕಾಗಿ ಒದಗಿದರೂ, ‘ಬೆಳಗುವೆನಾರತಿ’ ಎಂಬಂಥ ಕೂಡುಪದ ಬಂದೊಡನೆ ತನಗೆ ತಿಳಿದ ಇನ್ನಾವುದೋ ಪದಕ್ಕೆ ತಿದ್ದಿಬಿಡುತ್ತದೆ. ಅಜ್ಜಿಯ ಮಾತನ್ನು ಅಜ್ಜಿ ಹೇಳಿದಂತೆಯೇ ಉಳಿಸಬೇಕೆಂದು ಕುಳಿತವಳಿಗೆ ಇದು ಸಹಿಸಿಕೊಳ್ಳುವ ಮಾತಾಗಿರಲಿಲ್ಲ.

ಹೀಗೆ ನಾನು ಕೆ.ಪಿ. ರಾವ್ ಅವರ ವಿನ್ಯಾಸಕ್ಕೆ ಬಂದೆ. ಕರಾವಳಿಯ ಕಿನ್ನಿಕಂಬಳದವರಾದ ಪದ್ಮನಾಭ ರಾವ್ ಅವರು ರೂಪಿಸಿದ ಈ ಕೀಲಿಮಣೆಯನ್ನು ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶವಾಗಿ ಉಚಿತವಾಗಿಯೇ ಹಂಚಿದ್ದರು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಇದನ್ನು ಮನೆಮನೆಗೆ, ಕಚೇರಿ ಕಚೇರಿಗೆ ತಲುಪಿಸಿತು, ಮತ್ತು ಅಲ್ಪಸ್ವಲ್ಪ ಮಾರ್ಪಾಡಿನೊಂದಿಗೆ ರಾಜ್ಯ ಸರ್ಕಾರವೂ ಇದನ್ನೇ ಅಧಿಕೃತ ವಿನ್ಯಾಸವೆಂದು ಒಪ್ಪಿಕೊಂಡಿತು. ಲಿನಕ್ಸ್ ಬಳಸುವವರಿಗೆ ಇದು ‘ಕಗಪ’ ಎಂಬ ಹೆಸರಿನಲ್ಲಿ ಸಿಗುತ್ತದೆ. ಬೆಲೆಯ ಮಾತೇ ಇಲ್ಲ.

ಇದರ ಗುಟ್ಟು ಒಂದೇ ಒಂದು ಕೀಲಿಯಲ್ಲಿದೆ. ವ್ಯಂಜನದ ಕೀಲಿಯನ್ನು ಒತ್ತಿದರೆ ಅಕಾರ ಸೇರಿದ ಪೂರ್ಣ ಅಕ್ಷರವೇ ಮೂಡುತ್ತದೆ. ಮುಂದೆ ಸ್ವರ ಒತ್ತಿದರೆ ಅದು ಗುಣಿತಾಕ್ಷರವಾಗುತ್ತದೆ. ಎಫ್ ಕೀಲಿಯನ್ನು ಒತ್ತಿದರೆ ಅಕಾರ ಕಳಚಿ ಅರ್ಧಾಕ್ಷರವಾಗುತ್ತದೆ, ಅದರ ಮುಂದೆ ಬಂದ ವ್ಯಂಜನ ಒತ್ತಾಗಿ ಕೆಳಗೆ ಕೂರುತ್ತದೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಎಂಬ ಐದು ಒತ್ತುಗಳಿಗೆ ‘ಕನ್ನಡ’ ಸಿದ್ಧ. ಇದೇ ಪದವನ್ನು ಇಂಗ್ಲಿಷ್ ಕಾಗುಣಿತದ ಮೂಲಕ ಬರೆಯಲು ಏಳು ಅಕ್ಷರ ಬೇಕು. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಒತ್ತುಗಳು ಬೇಕಾಗುತ್ತವೆ ನಿಜ, ಆದರೆ ಒಂದನೆಯ ತರಗತಿಯಲ್ಲಿ ಮೇಷ್ಟ್ರು ಬಿಡಿಸಿ ಹೇಳಿಕೊಟ್ಟ ಕ್ರಮದಲ್ಲೇ ಅವು ಬರುತ್ತವೆ: ಸಕಾರ, ಅದಕ್ಕೆ ತಕಾರದ ಒತ್ತು, ಅದಕ್ಕೆ ರಕಾರದ ಒತ್ತು, ಕೊನೆಗೆ ದೀರ್ಘ. ಬೆಲೆ, ಬೆಳೆ, ಬೇಳೆಗಳ ತಕರಾರೂ ಇಲ್ಲಿಲ್ಲ. ಶಿಫ್ಟ್ ಒತ್ತಿದರೆ ಲಕಾರ ಳಕಾರವಾಗುತ್ತದೆ, ಹ್ರಸ್ವ ದೀರ್ಘವಾಗುತ್ತದೆ, ಊಹೆಗೆ ಎಡೆಯೇ ಇಲ್ಲ. ನನ್ನನ್ನು ಈ ವಿನ್ಯಾಸಕ್ಕೆ ಕಟ್ಟಿಹಾಕಿದ್ದು ಈ ಖಚಿತತೆಯೇ.

ಕಲಿಕೆ ಮೊದಲ ವಾರ ಕಷ್ಟವೇ. ಟಕಾರ ಕ್ಯೂ ಕೀಲಿಯಲ್ಲಿ, ಡಕಾರ ಡಬ್ಲ್ಯೂ ಕೀಲಿಯಲ್ಲಿ, ಷಕಾರ ಎಕ್ಸ್ ಕೀಲಿಯಲ್ಲಿ ಇರುವುದಕ್ಕೆ ಉಚ್ಚಾರಣೆಯ ಆಸರೆ ಸಿಗುವುದಿಲ್ಲ. ಕನ್ನಡಕ್ಕೆ ಬೇಡವಾಗಿ ಉಳಿದ ಕೀಲಿಗಳಿಗೆ ಇಂಗ್ಲಿಷಿನಲ್ಲಿ ಜೋಡಿಯಿಲ್ಲದ ಅಕ್ಷರಗಳನ್ನು ಕೂರಿಸಲಾಗಿದೆ ಎಂದು ಅರ್ಥಮಾಡಿಕೊಂಡ ಮೇಲೆ ಮಾತ್ರ ಅವು ನೆನಪಿನಲ್ಲಿ ನಿಂತವು. ನನಗೆ ನೋಡದೆ ಒತ್ತುವ ಹದ ಬರಲು ಹದಿನೈದು ದಿನ ಹಿಡಿಯಿತು. ವಿಂಡೋಸಿನೊಂದಿಗೇ ಬರುವ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನೂ ಪ್ರಯತ್ನಿಸಿದೆ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ ಎಂಬ ಅದರ ಹಂಚಿಕೆ ಅಚ್ಚುಕಟ್ಟಾದದ್ದು, ಬೇರೆ ಭಾರತೀಯ ಭಾಷೆಗಳಿಗೂ ಅದೇ ಹಂಚಿಕೆ ಇರುವುದರಿಂದ ಹಿಂದಿ, ತೆಲುಗುಗಳಲ್ಲೂ ಬರೆಯುವವರಿಗೆ ಅದೇ ಮೇಲು. ಕನ್ನಡವೊಂದನ್ನೇ ಬರೆಯುವ, ಇಂಗ್ಲಿಷ್ ಕೀಲಿಮಣೆ ಕೈಗೆ ಒಗ್ಗಿರುವ ನನ್ನಂಥವರಿಗೆ ರಾವ್ ಅವರ ವಿನ್ಯಾಸವೇ ಹತ್ತಿರವಾಗುತ್ತದೆ.

ಇಷ್ಟಾದರೂ ಕೆಲವು ಪದಗಳ ಮುಂದೆ ಎಲ್ಲ ಕೀಲಿಮಣೆಗಳೂ ತಡವರಿಸುತ್ತವೆ. ‘ಸೂರ್ಯ’ ಎಂದು ಬರೆಯಲು ರಕಾರ, ಎಫ್, ಯಕಾರ ಒತ್ತಿದರೆ ಅರ್ಕಾವತ್ತು ತಾನಾಗಿ ಬಂದು ಕೂರುತ್ತದೆ. ಅದೇ ಕ್ರಮದಲ್ಲಿ ಪರೀಕ್ಷೆಯ ‘ರ‍್ಯಾಂಕ್’ ಬರೆಯಹೋದರೆ ಪದದ ಆರಂಭದಲ್ಲೇ ಅರ್ಕಾವತ್ತು ಬಂದು ‘ರ್ಯಾಂಕ್’ ಆಗಿಬಿಡುತ್ತದೆ. ಯೂನಿಕೋಡಿನಲ್ಲಿ, ಅಂದರೆ ಇಂದಿನ ಗಣಕ, ಫೋನುಗಳೆಲ್ಲ ಬಳಸುವ ಅಕ್ಷರಸಂಕೇತದಲ್ಲಿ, ಎರಡಕ್ಕೂ ಮೂಲ ಅಕ್ಷರಗಳು ಅವೇ. ರಕಾರವನ್ನು ಪೂರ್ಣವಾಗಿ ಉಳಿಸಿ ಯಕಾರವನ್ನು ಒತ್ತಾಗಿಸಬೇಕಾದರೆ ರಕಾರದ ಬೆನ್ನಿಗೆ ಕಣ್ಣಿಗೆ ಕಾಣದ ಒಂದು ಕೂಡುಚಿಹ್ನೆಯನ್ನು ಹಾಕಬೇಕು. ‘ರಾಜ್‌ಕುಮಾರ್’ ಎಂಬ ಹೆಸರಿನದು ಇದರ ತಿರುವುಮುರುವು: ಜಕಾರಕ್ಕೆ ಕಕಾರ ಒತ್ತಾಗಿ ‘ರಾಜ್ಕುಮಾರ್’ ಆಗದಂತೆ ತಡೆಯಲು ಕಾಣದ ಬಿಡಿಸುಚಿಹ್ನೆ ಬೇಕು. ಈ ಎರಡು ಚಿಹ್ನೆಗಳನ್ನು ಯಾವ ಕೀಲಿಯಲ್ಲಿ ಇಟ್ಟಿದ್ದಾರೆ ಎಂಬುದು ನಾನು ಬಳಸಿದ ತಂತ್ರಾಂಶಗಳಲ್ಲಿ ಒಂದೇ ತೆರನಾಗಿರಲಿಲ್ಲ, ಫೋನಿನ ಒಂದು ಆ್ಯಪ್‌ನಲ್ಲಂತೂ ಅವು ಇರಲೇ ಇಲ್ಲ. ಇದು ಬರೀ ಅಂದದ ಪ್ರಶ್ನೆಯಲ್ಲ. ಚಿಹ್ನೆ ಇರುವ ಪದವೂ ಇಲ್ಲದ ಪದವೂ ಹಲವು ತಂತ್ರಾಂಶಗಳಿಗೆ ಬೇರೆ ಬೇರೆ ಪದಗಳಾದ್ದರಿಂದ, ಒಂದನ್ನು ಹುಡುಕಿದರೆ ಇನ್ನೊಂದು ಸಿಗದೆ ಹೋಗಬಹುದು.

ಕೊಳ್ಳುವ ಮಾತಿಲ್ಲದಿದ್ದರೂ ಆರಿಸುವಾಗ ಒಂದು ಎಚ್ಚರ ಅಗತ್ಯ. ಕೀಲಿಮಣೆಯ ವಿನ್ಯಾಸ ಬೇರೆ, ಬರೆದದ್ದು ಗಣಕದೊಳಗೆ ಉಳಿಯುವ ಸಂಕೇತ ಬೇರೆ. ಒಂದೇ ರೀತಿ ಒತ್ತಿದರೂ ಹಳೆಯ ಮಾದರಿಯ ಫಾಂಟಿನಲ್ಲಿ ಬರೆದ ಕಡತವನ್ನು ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಕನ್ನಡದ ಬದಲು ತಲೆಯ ಮೇಲೆ ಗೆರೆ ಹೊತ್ತ ಲ್ಯಾಟಿನ್ ಅಕ್ಷರಗಳೂ ನಡುನಡುವೆ ಪೌಂಡ್ ನಾಣ್ಯದ ಚಿಹ್ನೆಯೂ ಕಾಣುತ್ತವೆ. ಮುದ್ರಣದ ಅಂಗಡಿಗಳಲ್ಲಿ ಈ ಮಾದರಿ ಇಂದಿಗೂ ಬಳಕೆಯಲ್ಲಿದೆ. ಅಜ್ಜಿಯ ಹಾಡುಗಳಿಗೆ ನಾನು ಮೊದಲ ದಿನದಿಂದಲೇ ಯೂನಿಕೋಡನ್ನು ಆರಿಸಿಕೊಂಡೆ, ಏಕೆಂದರೆ ಅವನ್ನು ಓದಬೇಕಾದವರು ಹಾಸನದಲ್ಲೂ ಇದ್ದಾರೆ, ಮಸ್ಕತ್ತಿನಲ್ಲೂ ಇದ್ದಾರೆ, ಮತ್ತು ಅವರಲ್ಲಿ ಹೆಚ್ಚಿನವರು ಓದುವುದು ಫೋನಿನಲ್ಲೇ.

ಮೊದಲ ಪುಸ್ತಕ ಮುಗಿದಿದೆ. ಎರಡನೆಯದರಲ್ಲಿ ತೊಟ್ಟಿಲ ಹಾಡುಗಳಿವೆ. ‘ಜೋಜೋ’ ಎಂಬುದಕ್ಕೆ ಜೆ, ಶಿಫ್ಟ್ ಸಹಿತ ಓ, ಮತ್ತೆ ಅದೇ ಜೋಡಿ. ಬೆರಳುಗಳಿಗೆ ಅದೀಗ ಕೀಲಿಯನ್ನು ನೋಡದೆಯೇ ಬರುತ್ತದೆ.