ಆರು ಜಾಬ್ ಕಾರ್ಡ್, ಒಂದೇ ದೋಷ

ಈ ಆಟೋಮ್ಯಾಟಿಕ್ ಕಾರನ್ನು ಕೊಂಡು 14 ತಿಂಗಳಾಯಿತು. ಅಷ್ಟರಲ್ಲಿ ಒಂದೇ ದೋಷಕ್ಕಾಗಿ ಇದು 6 ಸಲ ಸರ್ವಿಸ್ ಸೆಂಟರಿಗೆ ಹೋಗಿದೆ, ಆರನೆಯ ಸಲ ಹೋದದ್ದು ಇನ್ನೂ ಮರಳಿಲ್ಲ. ಸೀಟು, ಬ್ರೇಕು, ಮೈಲೇಜು ಯಾವುದರ ಬಗ್ಗೆಯೂ ನನಗೆ ದೂರಿಲ್ಲ. ಇಲ್ಲಿ ಬರೆಯುತ್ತಿರುವುದು ದೋಷ ಕಾಣಿಸಿಕೊಂಡ ಮೇಲೆ ತಯಾರಕ ಕಂಪನಿ ನಡೆದುಕೊಂಡ ರೀತಿಯನ್ನು ಕುರಿತು.

ಓಡುತ್ತಿರುವಾಗಲೇ ಗೇರ್‌ಬಾಕ್ಸಿನ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುತ್ತದೆ, ಗೇರು ಒಂದೇ ಕಡೆ ಕಚ್ಚಿಕೊಂಡು ನಿಲ್ಲುತ್ತದೆ, ಆಕ್ಸಿಲರೇಟರನ್ನು ಎಷ್ಟು ಒತ್ತಿದರೂ ವೇಗ ಏರುವುದಿಲ್ಲ. ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ ಏನೂ ಆಗಿಯೇ ಇಲ್ಲವೆಂಬಂತೆ ಓಡುತ್ತದೆ. ಮೊದಲ ಸಲ ಇದು ಆದದ್ದು ಲಾರಿಯೊಂದನ್ನು ಹಿಂದಿಕ್ಕುತ್ತಿದ್ದಾಗ, ಹಿಂದಿನ ಸೀಟಿನಲ್ಲಿ ನನ್ನ ತಾಯಿ ಕುಳಿತಿದ್ದಾಗ. ಎದುರಿನಿಂದ ಬರುತ್ತಿದ್ದವರು ವೇಗ ತಗ್ಗಿಸಿದ್ದರಿಂದ ನಾವು ಉಳಿದೆವು. ಅಂದಿನಿಂದ ನಾನು ಈ ಕಾರಿನಲ್ಲಿ ಯಾರನ್ನೂ ಹಿಂದಿಕ್ಕಿಲ್ಲ.

ಮೊದಲ ಭೇಟಿಯಲ್ಲಿ ಬ್ಯಾಟರಿ ಬದಲಾಯಿಸಿದರು. ಅದನ್ನು ನಾನು ತಪ್ಪೆನ್ನುವುದಿಲ್ಲ, ಏಕೆಂದರೆ ಪೂರ್ತಿ ಚಾರ್ಜ್ ಆಗಿ ಸುಮ್ಮನಿರುವಾಗ ಸುಮಾರು 12.6 ವೋಲ್ಟ್ ತೋರಿಸಬೇಕಾದ ಬ್ಯಾಟರಿ ಸೊರಗಿದ್ದರೆ ಇಂದಿನ ಕಾರುಗಳ ಭಾಗಗಳನ್ನು ನಡೆಸುವ ಪುಟ್ಟ ಕಂಪ್ಯೂಟರುಗಳಾದ ಕಂಟ್ರೋಲ್ ಯೂನಿಟ್‌ಗಳು ಇಲ್ಲದ ದೋಷಗಳನ್ನೆಲ್ಲ ವರದಿ ಮಾಡುವುದುಂಟು. ಎರಡನೆಯ ಸಲ ಸಾಫ್ಟ್‌ವೇರ್ ಅಪ್‌ಡೇಟ್ ಆಯಿತು. ಮೂರನೆಯ ಸಲ ಜಾಬ್ ಕಾರ್ಡಿನಲ್ಲಿ, ಅಂದರೆ ದೂರನ್ನೂ ಮಾಡಿದ ಕೆಲಸವನ್ನೂ ಬರೆದಿಡುವ ಚೀಟಿಯಲ್ಲಿ, 'ದೋಷ ಕಂಡುಬಂದಿಲ್ಲ' ಎಂದಷ್ಟೇ ಬರೆದು ಕಾರನ್ನು ತೊಳೆದು ಕೊಟ್ಟರು. ನಾಲ್ಕನೆಯ ಸಲ ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ ಅನ್ನೇ ವಾರಂಟಿಯಲ್ಲಿ ಬದಲಾಯಿಸಿದರು. ಮೂರು ವಾರ ಕಳೆಯುವಷ್ಟರಲ್ಲಿ ಅದೇ ದೀಪ ಮತ್ತೆ ಹೊತ್ತಿತು.

ಐದನೆಯ ಭೇಟಿಯ ಹೊತ್ತಿಗೆ ಕಾರು ತಾನೇ ದಾಖಲಿಸುವ ದೋಷದ ಕೋಡನ್ನು ನಾನು ಕೇಳಿ ಬರೆದುಕೊಳ್ಳುವುದನ್ನು ಕಲಿತಿದ್ದೆ. ಅದನ್ನು ಓದುವ ಸ್ಕ್ಯಾನರ್ ತೋರಿಸಿದ್ದು ಯು0101, ಅಂದರೆ ಗೇರ್‌ಬಾಕ್ಸಿನ ಕಂಟ್ರೋಲ್ ಯೂನಿಟ್ ಜೊತೆಗಿನ ಸಂಪರ್ಕ ಕಡಿದಿದೆ ಎಂಬ ಕೋಡ್. ಹಳೆಯ ಜಾಬ್ ಕಾರ್ಡುಗಳನ್ನು ತೆಗೆಸಿ ನೋಡಿದಾಗ ಮೊದಲ ದಿನದಿಂದಲೂ ಇದೇ ಕೋಡ್ ಬರುತ್ತಿತ್ತೆಂಬುದು ತಿಳಿಯಿತು. ಯೂನಿಟ್ ಹೊಸದಾದ ಮೇಲೂ ಕೋಡ್ ಬದಲಾಗಿಲ್ಲವೆಂದರೆ ಮುಂದೆ ನೋಡಬೇಕಾದದ್ದು ಅದಕ್ಕೆ ಹೋಗುವ ವೈರುಗಳನ್ನು, ಕನೆಕ್ಟರನ್ನು ಮತ್ತು ಅರ್ಥಿಂಗನ್ನು. ಇಂಜಿನ್ನಿನ ಬಿಸಿಗೆ ಸಡಿಲವಾಗಿ, ಆರಿದ ಮೇಲೆ ಮತ್ತೆ ಕೂಡಿಕೊಳ್ಳುವ ಒಂದು ಪಿನ್ ಇದ್ದರೂ ಸಾಕು, ಹತ್ತು ನಿಮಿಷ ಬಿಟ್ಟರೆ ಕಾರು ಸರಿಹೋಗುವುದಕ್ಕೆ ಅರ್ಥ ಸಿಗುತ್ತದೆ.

ದೋಷ ಕಾಣಿಸಿಕೊಂಡ ಕ್ಷಣದಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಸುತ್ತುತ್ತಿತ್ತು, ಇಂಜಿನ್ನನ್ನು ತಂಪಾಗಿಡುವ ಕೂಲೆಂಟ್ ಎಷ್ಟು ಬಿಸಿಯಾಗಿತ್ತು ಎಂಬುದನ್ನು ಕಾರು ಅನೇಕ ವೇಳೆ ಕೋಡಿನೊಂದಿಗೆ ತಾನೇ ಉಳಿಸಿಟ್ಟುಕೊಂಡಿರುತ್ತದೆ. ಬಂದು ಹೋಗುವ ದೋಷವನ್ನು ಹಿಡಿಯಲು ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಸ್ಕ್ಯಾನರಿನಿಂದ ಕೋಡ್ ಅಳಿಸಿದರೆ ಆ ದಾಖಲೆಯೂ ಅಳಿಸಿಹೋಗುತ್ತದೆ, ಮತ್ತು ನನ್ನ ಕಾರಿನಲ್ಲಿ ಮೊದಲ ನಾಲ್ಕು ಸಲವೂ ಅದನ್ನು ಯಾರೂ ಓದದೆ ಅಳಿಸಿದ್ದರು.

ಇದಕ್ಕಾಗಿ ನಾನು ಮೆಕ್ಯಾನಿಕ್‌ಗಳನ್ನು ದೂರಲಾರೆ. ವಾರಂಟಿ ಕೆಲಸಕ್ಕೆ ಕಂಪನಿಗಳು ಸಾಮಾನ್ಯವಾಗಿ ಇಂತಿಷ್ಟು ಹೊತ್ತು ಎಂದು ಮೊದಲೇ ಗೊತ್ತುಮಾಡಿ ಕೂಲಿ ಕೊಡುತ್ತವೆ. ಬಿಡಿಭಾಗ ಬದಲಾಯಿಸುವುದು ಆ ಲೆಕ್ಕದೊಳಗೆ ಸುಲಭವಾಗಿ ಹಿಡಿಯುತ್ತದೆ, ಅರ್ಧ ದಿನ ಕುಳಿತು ವೈರಿಂಗ್ ಹುಡುಕುವುದು ಹಿಡಿಯುವುದಿಲ್ಲ. ಹಿರಿಯ ಮೆಕ್ಯಾನಿಕ್ ಒಬ್ಬರು ತಮ್ಮ ಊಟದ ಬಿಡುವಿನಲ್ಲಿ ನನ್ನೊಂದಿಗೆ ಬಂದು ಕಾರು ಓಡಿಸಿ, 'ವೈರಿಂಗ್ ಬಿಚ್ಚಿ ನೋಡಲೇಬೇಕು ಸರ್, ಆದರೆ ಅದಕ್ಕೆ ಕಂಪನಿಯಿಂದ ಅನುಮತಿ ಬರಬೇಕು' ಎಂದು ನೇರವಾಗಿ ಹೇಳಿದರು. ಈ 14 ತಿಂಗಳಲ್ಲಿ ನನಗೆ ಸಿಕ್ಕ ಪ್ರಾಮಾಣಿಕ ಉತ್ತರ ಅದೊಂದೇ.

ಆ ಅನುಮತಿಯೇ ಬರುತ್ತಿಲ್ಲ. ಕಸ್ಟಮರ್ ಕೇರ್‌ಗೆ ಬರೆದಾಗಲೆಲ್ಲ ಹೊಸ ದೂರಿನ ಸಂಖ್ಯೆ ಕೊಡುತ್ತಾರೆ, ಕಾರು ಸರ್ವಿಸ್ ಸೆಂಟರಿನಿಂದ ಹೊರಬಿದ್ದ ದಿನವೇ ಆ ದೂರು 'ಪರಿಹಾರವಾಗಿದೆ' ಎಂದು ಮುಚ್ಚಿಹೋಗುತ್ತದೆ. ಮತ್ತೆ ದೋಷ ಬಂದರೆ ಮತ್ತೊಂದು ಸಂಖ್ಯೆ, ಮತ್ತೊಬ್ಬ ಅಧಿಕಾರಿ, ಮತ್ತೆ ಮೊದಲಿನಿಂದ ವಿವರಣೆ. ಹೀಗಾಗಿ ನಾನು ಅನುಭವಿಸುತ್ತಿರುವುದು ಮರುಕಳಿಸುವ ಒಂದು ದೋಷವಾದರೂ ಅವರ ದಾಖಲೆಯಲ್ಲಿರುವುದು ಪರಿಹಾರವಾದ ಐದು ದೂರುಗಳು. ಕಂಪನಿಯ ಮೇಲಿನ ನನ್ನ ಮುಖ್ಯ ಆಕ್ಷೇಪಣೆ ಇದೇ.

ಇಂಥ ದೋಷ ಬಂದವರು ಜಾಬ್ ಕಾರ್ಡಿನಲ್ಲಿ ತಮ್ಮ ಮಾತನ್ನು ತಮ್ಮ ಪದಗಳಲ್ಲೇ ಬರೆಸಬೇಕು, 'ಗೇರ್‌ಬಾಕ್ಸ್ ಪರಿಶೀಲನೆ' ಎಂಬ ಎರಡು ಪದಕ್ಕೆ ಒಪ್ಪಬಾರದು. ಕೋಡ್ ಅಳಿಸುವ ಮುನ್ನ ಪರದೆಯ ಫೋಟೋ ತೆಗೆದುಕೊಳ್ಳಬೇಕು. ನಾನು ಇದನ್ನು ಮೊದಲ ದಿನವೇ ಮಾಡಿದ್ದರೆ ನಾಲ್ಕು ಭೇಟಿಗಳ ಸಾಕ್ಷಿ ಉಳಿಯುತ್ತಿತ್ತು.

ಕಾರು ಸರ್ವಿಸ್ ಸೆಂಟರಿನಲ್ಲಿ ನಿಂತು ಇಂದಿಗೆ 11 ದಿನ. ದೋಷ ಮೊದಲು ದಾಖಲಾದದ್ದು ವಾರಂಟಿಯ ಅವಧಿಯಲ್ಲೇ ಆದುದರಿಂದ ಅವಧಿ ಮುಗಿದರೂ ಅದರ ದುರಸ್ತಿ ಕಂಪನಿಯ ಹೊಣೆಯೆಂದು ಲಿಖಿತವಾಗಿ ಒಪ್ಪಿಕೊಳ್ಳುವಂತೆಯೂ, ಆರು ಜಾಬ್ ಕಾರ್ಡುಗಳನ್ನು ಒಂದೇ ದೂರಾಗಿ ಪರಿಗಣಿಸುವಂತೆಯೂ ಕೋರಿ ಕಳೆದ ವಾರ ಪತ್ರ ಬರೆದಿದ್ದೇನೆ. ಅದಕ್ಕೆ ಬಂದಿರುವುದು ಏಳನೆಯ ದೂರಿನ ಸಂಖ್ಯೆ.